ಒಂದೇ ಸಿಂತ್, ಆರು ಸದ್ದು, ಎರಡು ನಿಮಿಷದ ಟ್ರ್ಯಾಕ್: ವೈಟಲ್ ಕಲಿಯುವವರಿಗೆ

"ವೈಟಲ್ ಹಾಕ್ಕೊಂಡಿದೀನಿ, ಮುಂದೇನು ಮಾಡ್ಲಿ?" ಹೊಸದಾಗಿ ವೈಟಲ್‌ನಂಥ ಸಿಂತಸೈಸರ್ (ಚಿಕ್ಕದಾಗಿ ಸಿಂತ್) ತಂತ್ರಾಂಶ, ಅಂದರೆ ಕಂಪ್ಯೂಟರ್‌ನಲ್ಲೇ ಸದ್ದು ಹುಟ್ಟಿಸುವ ವಾದ್ಯ, ಹಿಡಿದವರೆಲ್ಲ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಹೆಚ್ಚಿನವರು ಪ್ರೀಸೆಟ್‌ಗಳನ್ನು, ಅಂದರೆ ಬೇರೆಯವರು ಮೊದಲೇ ಮಾಡಿಟ್ಟ ಸದ್ದುಗಳನ್ನು, ಒಂದಾದ ಮೇಲೊಂದು ಒತ್ತಿ ಕೇಳುತ್ತ ವಾರಗಟ್ಟಲೆ ಕಳೆದಿರುತ್ತಾರೆ. ಕೈಯಲ್ಲಿ ನಾಲ್ಕು ಬಾರ್‌ನ ಲೂಪ್‌ಗಳು, ಅಂದರೆ ಮತ್ತೆ ಮತ್ತೆ ತಿರುಗುವ ಸಣ್ಣ ತುಣುಕುಗಳು, ಹತ್ತಾರು ಇರುತ್ತವೆ, ಮುಗಿದ ಟ್ರ್ಯಾಕ್ ಒಂದೂ ಇರುವುದಿಲ್ಲ.

ಹಾಗಾಗಿ ಇಲ್ಲಿ ಒಂದು ಕಟ್ಟುಪಾಡು: ಪ್ರೀಸೆಟ್ ಮುಟ್ಟುವಂತಿಲ್ಲ. ಡ್ರಮ್ ಸ್ಯಾಂಪಲ್‌ಗಳನ್ನು, ಅಂದರೆ ರೆಕಾರ್ಡ್ ಮಾಡಿಟ್ಟ ಡ್ರಮ್ ಸದ್ದುಗಳನ್ನು, ಡೌನ್‌ಲೋಡ್ ಮಾಡುವಂತಿಲ್ಲ. ಕಿಕ್ (ದೊಡ್ಡ ಡ್ರಮ್‌ನ ಪೆಟ್ಟು), ಹೈಹ್ಯಾಟ್ (ತಾಳದ ತಟ್ಟೆಗಳ ಸದ್ದು), ಕ್ಲ್ಯಾಪ್ (ಚಪ್ಪಾಳೆ), ಬಾಸ್ (ಕೆಳಸ್ಥಾಯಿಯ ಸ್ವರಗಳು), ಪ್ಯಾಡ್ (ಹಿನ್ನೆಲೆಯ ನಾದ), ಮೇಲಿನ ರಾಗ, ಈ ಆರನ್ನೂ ಖಾಲಿ ವೈಟಲ್‌ನಿಂದಲೇ ಮಾಡುತ್ತೇವೆ. ಆರು ಸಲ ಸಿಂತ್‌ನ ಅದೇ ನಾಲ್ಕು ಭಾಗಗಳನ್ನು ಬೇರೆ ಬೇರೆ ರೀತಿ ತಿರುಗಿಸಿದರೆ ಸಿಂತ್ ತಾನಾಗಿ ಕೈಗೆ ಹತ್ತುತ್ತದೆ. ಎರಡು ಸಂಜೆಯ ಕೆಲಸ. ಒಂದೇ ಕೂತಿಗೆ ಮುಗಿಸಲು ಹೋಗಬೇಡಿ, ಮೂರು ಗಂಟೆ ಒಂದೇ ಲೂಪ್ ಕೇಳಿದ ಕಿವಿಯನ್ನು ನಂಬುವಂತಿಲ್ಲ.

ಏನೇನು ಬೇಕು

ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪ್. 8 ಜಿಬಿ ರ್‍ಯಾಮ್ ಧಾರಾಳವಾಯಿತು.

ವೈಟಲ್. ಮ್ಯಾಟ್ ಟೈಟೆಲ್ 2020ರಲ್ಲಿ ಹೊರತಂದ ಸಿಂತ್. ಉಚಿತ ಆವೃತ್ತಿಯಲ್ಲಿ ಪ್ರೀಸೆಟ್‌ಗಳ ಸಂಖ್ಯೆ ಕಡಿಮೆ, ಸದ್ದು ಹುಟ್ಟಿಸುವ ಯಂತ್ರ ಮಾತ್ರ ಅದೇ. ನಮ್ಮ ಕೆಲಸಕ್ಕೆ ಪ್ರೀಸೆಟ್ ಬೇಕಾಗಿಯೇ ಇಲ್ಲವಾದ್ದರಿಂದ ಉಚಿತದ್ದೇ ಸಾಕು.

ರೀಪರ್. ಇದು ಡಾ, ಅಂದರೆ ಸ್ವರಗಳನ್ನು ಜೋಡಿಸಿ, ಟ್ರ್ಯಾಕ್‌ಗಳನ್ನು ಬೆರೆಸಿ, ಕೊನೆಗೆ ಒಂದು ಆಡಿಯೋ ಫೈಲ್ ತೆಗೆಯುವ ತಂತ್ರಾಂಶ. 60 ದಿನ ಪೂರ್ತಿ ಸೌಲಭ್ಯಗಳೊಂದಿಗೆ ಬಳಸಿ ನೋಡಬಹುದು. ನಿಮ್ಮ ಬಳಿ ಬೇರೆ ಡಾ ಇದ್ದರೆ ಅದೇ ಇರಲಿ, ಮೆನುಗಳ ಹೆಸರು ಬದಲಾಗುತ್ತದೆ ಅಷ್ಟೆ.

ತಂತಿ ಇರುವ ಹೆಡ್‌ಫೋನ್. ಇದರಲ್ಲಿ ರಾಜಿ ಬೇಡ. ಬ್ಲೂಟೂತ್‌ನಲ್ಲಿ ಕೀಲಿ ಒತ್ತಿದ್ದಕ್ಕೂ ಸದ್ದು ಕೇಳುವುದಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಂತರ ಬರಬಹುದು. ಲಯದ ಕೆಲಸಕ್ಕೆ ಅದು ಆಗಿಬರುವುದಿಲ್ಲ. ಲ್ಯಾಪ್‌ಟಾಪ್ ಸ್ಪೀಕರ್ ಸಹ ಬೇಡ, ನಾವು ಮಾಡುವ ಕಿಕ್‌ನ ತಳ 55 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 55 ಕಂಪನದಲ್ಲಿರುತ್ತದೆ, ಆ ಪುಟ್ಟ ಸ್ಪೀಕರ್‌ಗೆ ಅದನ್ನು ನುಡಿಸುವ ಶಕ್ತಿ ಇಲ್ಲ.

ಮಿಡಿ ಕೀಬೋರ್ಡ್, ಅಂದರೆ ಯಾವ ಸ್ವರ ಒತ್ತಿದಿರಿ ಎಂಬುದನ್ನು ಕಂಪ್ಯೂಟರ್‌ಗೆ ತಿಳಿಸುವ ಪಿಯಾನೋ ಮಾದರಿಯ ಕೀಲಿಮಣೆ, ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

1. ಅಂಗಳ ಸಿದ್ಧಮಾಡುವುದು

ರೀಪರ್‌ನಲ್ಲಿ ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೋ, ಡಿವೈಸ್ ತೆರೆಯಿರಿ. ವಿಂಡೋಸ್‌ನಲ್ಲಿ ನಿಮ್ಮ ಸೌಂಡ್‌ಕಾರ್ಡಿನ ಆಸಿಯೋ (ASIO) ಡ್ರೈವರ್ ಇದ್ದರೆ ಅದನ್ನು, ಇಲ್ಲದಿದ್ದರೆ ವಿಂಡೋಸ್‌ನದೇ ಆದ ವಾಸಾಪಿಯನ್ನು (WASAPI) ಆರಿಸಿ. ಸ್ಯಾಂಪಲ್ ರೇಟ್ 48000, ಬಫರ್ 256. ಬಫರ್ ಎಂದರೆ ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕಿ ಕಳಿಸುವ ಸದ್ದಿನ ತುಂಡು. 256ಕ್ಕೆ ಸುಮಾರು 5 ಮಿಲಿಸೆಕೆಂಡ್ ತಡ, ಕಿವಿಗೆ ಗೊತ್ತಾಗುವುದಿಲ್ಲ. ಸದ್ದು ಚಟಪಟ ಸಿಡಿಯುತ್ತಿದ್ದರೆ 512ಕ್ಕೆ ಏರಿಸಿ. ಸಿಂತ್ ಕೆಟ್ಟಿದೆ ಎಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ, ಹತ್ತರಲ್ಲಿ ಒಂಬತ್ತು ಸಲ ಅದು ಬಫರ್‌ನ ತಕರಾರು.

ಲಯ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟ್, ಇಡಿ. ಲೆಕ್ಕ ಸುಲಭವಾಗಲಿ ಎಂದೇ ಈ ವೇಗ: ಒಂದು ಬೀಟ್ ಅರ್ಧ ಸೆಕೆಂಡ್, ನಾಲ್ಕು ಬೀಟ್‌ನ ಒಂದು ಬಾರ್ 2 ಸೆಕೆಂಡ್. ಪ್ರತಿ ಬಾರನ್ನು 16 ಸಮ ಮನೆಗಳಾಗಿ ಕತ್ತರಿಸಿಕೊಳ್ಳೋಣ. ಒಂದು ಮನೆಗೆ 0.125 ಸೆಕೆಂಡ್. ತಾಳ ಹಾಕಿ ಅಭ್ಯಾಸವಿದ್ದವರು ಎರಡು ಬಾರ್‌ಗಳನ್ನು ಚತುರಶ್ರ ನಡೆಯ ಒಂದು ಆದಿತಾಳದ ಆವರ್ತ ಎಂದುಕೊಂಡರೆ ಎಣಿಕೆ ಎಲ್ಲೂ ತಪ್ಪುವುದಿಲ್ಲ.

ಇನ್‌ಸರ್ಟ್ ಮೆನುವಿನಲ್ಲಿ ವರ್ಚುವಲ್ ಇನ್‌ಸ್ಟ್ರುಮೆಂಟ್ ಆನ್ ನ್ಯೂ ಟ್ರ್ಯಾಕ್ ಒತ್ತಿ ವೈಟಲ್ ಆರಿಸಿ. ಪಟ್ಟಿಯಲ್ಲಿ ವೈಟಲ್ ಕಾಣದಿದ್ದರೆ ಪ್ರಿಫರೆನ್ಸಸ್‌ನ ವಿಎಸ್‌ಟಿ ಪುಟಕ್ಕೆ (ಡಾ ಒಳಗೆ ಓಡುವ ಪ್ಲಗಿನ್‌ಗಳ ಪುಟ) ಹೋಗಿ ರೀಸ್ಕ್ಯಾನ್ ಮಾಡಿ. ಮಿಡಿ ಕೀಬೋರ್ಡ್ ಇಲ್ಲದವರು ಆಲ್ಟ್ ಮತ್ತು ಬಿ ಒಟ್ಟಿಗೆ ಒತ್ತಿದರೆ ತೆರೆಯ ಮೇಲೆ ಕೀಲಿಮಣೆ ಬರುತ್ತದೆ.

ಕೀಲಿ ಒತ್ತಿದರೂ ಮೌನವೇ? ಈ ಮೂರನ್ನು ಕ್ರಮವಾಗಿ ನೋಡಿ: ಟ್ರ್ಯಾಕ್‌ನ ಕೆಂಪು ರೆಕಾರ್ಡ್ ಗುಂಡಿ ಹೊತ್ತಿದೆಯೇ, ಅದರ ಇನ್‌ಪುಟ್ ಮಿಡಿಗೆ ಇದೆಯೇ, ತೆರೆಯ ಕೀಲಿಮಣೆಯ ಕಿಟಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿದ್ದೀರಾ. ಮೂರನೆಯದನ್ನೇ ಎಲ್ಲರೂ ಮರೆಯುವುದು.

2. ಸಿಂತ್‌ನ ನಾಲ್ಕು ಭಾಗ

ವೈಟಲ್ ತೆರೆದಾಗ ನೂರಾರು ಗುಂಡಿಗಳು ಕಣ್ಣಿಗೆ ಹೊಡೆಯುತ್ತವೆ. ಇವತ್ತಿಗೆ ಬೇಕಾದವು ನಾಲ್ಕೇ ಗುಂಪು.

ಆಸಿಲೇಟರ್: ಸದ್ದಿನ ಮೂಲ, ಎಡಗಡೆ ಇರುತ್ತದೆ. ಅಲೆಯ ಆಕಾರದಂತೆ ನಾದದ ಗುಣ. ಸೈನ್ ಅಲೆ ನುಣುಪು, ಅದರಲ್ಲಿ ಮೂಲಸ್ವರ ಬಿಟ್ಟರೆ ಮತ್ತೇನೂ ಇಲ್ಲ. ಗರಗಸದ ಹಲ್ಲಿನಂತೆ ಕಾಣುವ ಸಾ ಅಲೆಯಲ್ಲಿ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಎಲ್ಲ ಮೇಲ್ಸ್ವರಗಳೂ ತುಂಬಿರುತ್ತವೆ. ಚೌಕದ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ, ಅದಕ್ಕೇ ಟೊಳ್ಳು ಟೊಳ್ಳಾಗಿ ಕೇಳುತ್ತದೆ.

ಫಿಲ್ಟರ್: ಜರಡಿ. ಯಾವ ಎತ್ತರದ ಕಂಪನದವರೆಗೆ ಬಿಡಬೇಕು ಎಂಬ ಗಡಿಯೇ ಕಟ್‌ಆಫ್. ಆ ಗಡಿಯ ಹತ್ತಿರದ ಸದ್ದನ್ನು ಎತ್ತಿ ಹಿಡಿಯುವುದು ರೆಸೊನೆನ್ಸ್.

ಎನ್ವೆಲಪ್: ಒಂದು ಸ್ವರ ಹುಟ್ಟಿ ಸಾಯುವವರೆಗಿನ ಏರಿಳಿತದ ಗೆರೆ. ಅಟ್ಯಾಕ್ ಅಂದರೆ ಏರಲು ಹಿಡಿಯುವ ಕಾಲ, ಡಿಕೇ ಅಂದರೆ ಏರಿದ್ದು ಇಳಿಯುವ ಕಾಲ, ಸಸ್ಟೇನ್ ಅಂದರೆ ಇಳಿದು ನಿಲ್ಲುವ ಮಟ್ಟ, ರಿಲೀಸ್ ಅಂದರೆ ಕೀಲಿ ಬಿಟ್ಟ ಮೇಲೆ ಆರುವ ಕಾಲ. ನಾಲ್ಕರಲ್ಲಿ ಸಸ್ಟೇನ್ ಒಂದೇ ಕಾಲವಲ್ಲ, ಮಟ್ಟ. ಹೊಸಬರ ಅರ್ಧ ಗೊಂದಲ ಇಲ್ಲೇ ಇರುತ್ತದೆ. ಮೃದಂಗದ ಪೆಟ್ಟಿಗೆ ಅಟ್ಯಾಕ್ ಸೊನ್ನೆ, ಸಸ್ಟೇನ್ ಸೊನ್ನೆ. ಹಾರ್ಮೋನಿಯಂಗೆ ಸಸ್ಟೇನ್ ಪೂರ್ತಿ, ಬೆರಳು ಇರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ವೀಣೆಯ ಮೀಟು ಇವೆರಡರ ನಡುವೆ, ಉದ್ದ ಡಿಕೇ.

ಎಲ್‌ಎಫ್‌ಒ: ಒಂದೇ ಸಮ ತಿರುಗುತ್ತಿರುವ ಕಾಣದ ಕೈ. ಯಾವ ಗುಂಡಿಗೆ ಕಟ್ಟಿದರೆ ಆ ಗುಂಡಿಯನ್ನು ಮೇಲೆ ಕೆಳಗೆ ಆಡಿಸುತ್ತದೆ.

ವೈಟಲ್‌ನಲ್ಲಿ ಎನ್ವೆಲಪ್ 1 ಮೊದಲೇ ಸದ್ದಿನ ಗಟ್ಟಿತನಕ್ಕೆ ಕಟ್ಟಿದೆ. ಎನ್ವೆಲಪ್ 2, ಎಲ್‌ಎಫ್‌ಒಗಳು ನೀವು ಕಟ್ಟುವವರೆಗೂ ಏನೂ ಮಾಡುವುದಿಲ್ಲ. ಕಟ್ಟುವುದು ಹೀಗೆ: ಎನ್ವೆಲಪ್ 2ರ ಹೆಸರಿನ ಪಟ್ಟಿಯನ್ನು ಹಿಡಿದು ಎಳೆದು ಬೇಕಾದ ಗುಂಡಿಯ ಮೇಲೆ ಬಿಡಿ. ಗುಂಡಿಯ ಪಕ್ಕ ಒಂದು ಸಣ್ಣ ವೃತ್ತ ಮೂಡುತ್ತದೆ. ಅದನ್ನು ಮೇಲೆ ಎಳೆದರೆ ಪ್ರಭಾವ ಹೆಚ್ಚು, ಕೆಳಗೆ ಎಳೆದರೆ ಕಡಿಮೆ. ಯಾವುದನ್ನು ಯಾವುದಕ್ಕೆ ಕಟ್ಟಿದ್ದೆ ಎಂದು ಮರೆತರೆ ಮ್ಯಾಟ್ರಿಕ್ಸ್ ಟ್ಯಾಬ್‌ನಲ್ಲಿ ಪೂರ್ತಿ ಪಟ್ಟಿ ಇರುತ್ತದೆ.

ಇನ್ನೊಂದು ವಿಷಯ. ವೈಟಲ್‌ನ ಕಟ್‌ಆಫ್ ಗುಂಡಿ 60, 72 ಎಂಬ ಸಂಖ್ಯೆ ತೋರಿಸುತ್ತಿದ್ದರೆ ಅದು ಹರ್ಟ್ಸ್ ಅಲ್ಲ, ಸ್ವರದ ಕ್ರಮಸಂಖ್ಯೆ. 60 ಅಂದರೆ ಸುಮಾರು 262 ಹರ್ಟ್ಸ್. 12 ಏರಿದಂತೆ ಒಂದು ಸ್ಥಾಯಿ ಮೇಲೆ, ಅಂದರೆ ಕಂಪನ ದುಪ್ಪಟ್ಟು: 72ಕ್ಕೆ 523, 84ಕ್ಕೆ 1047, 96ಕ್ಕೆ 2093, 108ಕ್ಕೆ 4186. ಮುಂದೆ ಕಟ್‌ಆಫ್ ಹೇಳುವಾಗಲೆಲ್ಲ ಈ ಕ್ರಮಸಂಖ್ಯೆಯನ್ನೇ ಕೊಟ್ಟಿದ್ದೇನೆ.

3. ಕಿಕ್

ಇಲ್ಲಿ ನಿಧಾನವಾಗಿ ಹೋಗೋಣ. ಕಿಕ್ ಮಾಡಲು ಬಂದವರಿಗೆ ಉಳಿದ ಐದೂ ಬರುತ್ತವೆ.

ವೈಟಲ್‌ನ ಮೆನುವಿನಲ್ಲಿ ಇನಿಶಿಯಲೈಸ್ ಪ್ರೀಸೆಟ್ ಒತ್ತಿ, ಎಲ್ಲವೂ ಖಾಲಿಯಾಗುತ್ತದೆ. ಆಸಿಲೇಟರ್ 1ರಲ್ಲಿ ಬೇಸಿಕ್ ಶೇಪ್ಸ್ ಎಂಬ ಅಲೆಗಳ ಗುಂಪನ್ನು ಆರಿಸಿ, ಚಿತ್ರ ನುಣುಪಾದ ಸೈನ್ ಆಗುವಂತೆ ಇಡಿ.

ಎನ್ವೆಲಪ್ 1: ಅಟ್ಯಾಕ್ 0, ಡಿಕೇ 0.3 ಸೆಕೆಂಡ್, ಸಸ್ಟೇನ್ 0, ರಿಲೀಸ್ 0.3. ರಿಲೀಸನ್ನು ಡಿಕೇಯಷ್ಟೇ ಇಡುವುದಕ್ಕೆ ಕಾರಣವಿದೆ: ಸ್ವರವನ್ನು ಚಿಕ್ಕದಾಗಿ ಬರೆದರೂ ಪೆಟ್ಟಿನ ಬಾಲ ತುಂಡಾಗುವುದಿಲ್ಲ. ತಾಳವಾದ್ಯದ ಸದ್ದು ಯಾವುದನ್ನೇ ಮಾಡಿ, ಈ ಪದ್ಧತಿ ಇಟ್ಟುಕೊಳ್ಳಿ.

ಈಗ ಕೆಳಸ್ಥಾಯಿಯ ಒಂದು ಸ್ವರ ನುಡಿಸಿದರೆ ಬರೀ "ಬೂ" ಎನ್ನುತ್ತದೆ, ಪೆಟ್ಟು ಇಲ್ಲ. ಚರ್ಮಕ್ಕೆ ಹೊಡೆದ ಕ್ಷಣದಲ್ಲಿ ಅದು ಬಿಗಿಯಾಗಿ ಶ್ರುತಿ ಮೇಲೇರಿ ತಕ್ಷಣ ಕೆಳಗೆ ಬೀಳುತ್ತದೆ. ಆ ಬೀಳುವಿಕೆಯೇ ನಮ್ಮ ಕಿವಿಗೆ ಪೆಟ್ಟು. ಅದನ್ನು ಎನ್ವೆಲಪ್ 2ರಿಂದ ಮಾಡೋಣ: ಅಟ್ಯಾಕ್ 0, ಡಿಕೇ 0.07, ಸಸ್ಟೇನ್ 0. ಅದನ್ನು ಎಳೆದು ಆಸಿಲೇಟರ್ 1ರ ಶ್ರುತಿಯ ಸಂಖ್ಯೆಯ ಮೇಲೆ ಬಿಟ್ಟು, ಪ್ರಭಾವವನ್ನು 36 ಸೆಮಿಟೋನ್ ಆಸುಪಾಸಿಗೆ ತನ್ನಿ. ಸೆಮಿಟೋನ್ ಅಂದರೆ ಪಕ್ಕಪಕ್ಕದ ಎರಡು ಕೀಲಿಗಳ ಅಂತರ. 36 ಅಂದರೆ ಮೂರು ಸ್ಥಾಯಿ.

ಈಗ ಎ1 ನುಡಿಸಿ, ಮಿಡಿ ಸಂಖ್ಯೆ (ಮೇಲೆ ಹೇಳಿದ ಸ್ವರದ ಕ್ರಮಸಂಖ್ಯೆ) 33. ಸದ್ದು 440 ಹರ್ಟ್ಸ್‌ನಲ್ಲಿ ಹುಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ 55ಕ್ಕೆ ಇಳಿಯುತ್ತದೆ. "ದುಮ್" ಕೇಳಿತೆ? "ಪ್ಯೂಂ" ಎಂದು ಮಕ್ಕಳ ಆಟದ ಬಂದೂಕಿನ ಹಾಗೆ ಕೇಳಿದರೆ ಎನ್ವೆಲಪ್ 2ರ ಡಿಕೇ ಜಾಸ್ತಿಯಾಗಿದೆ. "ಟಕ್" ಎಂದು ಮಾತ್ರ ಕೇಳಿದರೆ ಕಡಿಮೆಯಾಗಿದೆ. 0.05ರಿಂದ 0.09ರ ನಡುವೆ ನಿಮ್ಮ ಕಿವಿ ಒಪ್ಪುವ ಜಾಗ ಸಿಗುತ್ತದೆ.

ಎಡವುವ ಜಾಗಗಳು ಎರಡು. ಮೊದಲನೆಯದು ಸ್ಥಾಯಿಯ ಹೆಸರು. ರೀಪರ್ ಮಧ್ಯದ ಸಿ ಕೀಲಿಯನ್ನು ಸಿ4 ಎನ್ನುತ್ತದೆ, ಬೇರೆ ಕೆಲವು ಡಾಗಳು ಸಿ3 ಎನ್ನುತ್ತವೆ. ಹಾಗಾಗಿ ಅಕ್ಷರಕ್ಕಿಂತ ಮಿಡಿ ಸಂಖ್ಯೆಯನ್ನು ನಂಬಿ. ಎರಡನೆಯದು ಹೆಚ್ಚು ಕಾಡುವಂಥದ್ದು: ಕಿಕ್ ಒಂದು ಸಲ ಗಟ್ಟಿ, ಇನ್ನೊಂದು ಸಲ ಮೆತ್ತಗೆ ಕೇಳುತ್ತದೆ. ವೈಟಲ್‌ನ ಆಸಿಲೇಟರ್ ಪ್ರತಿ ಸ್ವರಕ್ಕೂ ಅಲೆಯನ್ನು ಮನಸ್ಸಿಗೆ ಬಂದ ಜಾಗದಿಂದ ಶುರುಮಾಡುವುದೇ ಇದಕ್ಕೆ ಕಾರಣ. ಆಸಿಲೇಟರ್‌ನಲ್ಲಿ ಫೇಸ್ ಎಂಬಲ್ಲಿ ಎರಡು ಅಂಕಿಗಳಿವೆ, ಡಿಗ್ರಿಯದು ಒಂದು, ಶೇಕಡಾದ್ದು ಒಂದು. ಶೇಕಡಾವನ್ನು 0 ಮಾಡಿ. ಇನ್ನು ಮುಂದೆ ಪ್ರತಿ ಪೆಟ್ಟೂ ಒಂದೇ ಅಚ್ಚು.

ಎಫೆಕ್ಟ್ಸ್ ಟ್ಯಾಬ್‌ನಲ್ಲಿ ಡಿಸ್ಟಾರ್ಷನ್ ಹಚ್ಚಿ, ಸಾಫ್ಟ್ ಕ್ಲಿಪ್ ಆರಿಸಿ, ಡ್ರೈವ್ 6 ಡಿಬಿ (ಡೆಸಿಬಲ್, ಗಟ್ಟಿತನದ ಅಳತೆ) ಕೊಡಿ. ಸೈನ್‌ಗೆ ಇಲ್ಲದ ಮೇಲ್ಸ್ವರಗಳನ್ನು ಇದು ಹುಟ್ಟಿಸುತ್ತದೆ, ಹಾಗಾಗಿ ಸಣ್ಣ ಸ್ಪೀಕರ್‌ನಲ್ಲೂ ಕಿಕ್ ಇದೆ ಎಂದಾದರೂ ಗೊತ್ತಾಗುತ್ತದೆ.

ಟ್ರ್ಯಾಕ್ ಮೇಲೆ ನಾಲ್ಕು ಬಾರ್ ಆರಿಸಿ, ಇನ್‌ಸರ್ಟ್ ಮೆನುವಿನಿಂದ ಹೊಸ ಮಿಡಿ ಐಟಂ ಹಾಕಿ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಗ್ರಿಡ್ ಹದಿನಾರನೇ ಒಂದಕ್ಕೆ ಇರಲಿ. ಪ್ರತಿ ಬಾರ್‌ನಲ್ಲೂ 1, 5, 9, 13ನೇ ಮನೆಯಲ್ಲಿ ಎ1 ಬರೆಯಿರಿ. ಆರ್ ಒತ್ತಿ ಲೂಪ್ ಹಚ್ಚಿ, ಸ್ಪೇಸ್‌ಬಾರ್ ಒತ್ತಿ ಕೇಳಿ.

4. ಹೈಹ್ಯಾಟ್ ಮತ್ತು ಕ್ಲ್ಯಾಪ್

ಹೊಸ ಟ್ರ್ಯಾಕ್, ಹೊಸ ವೈಟಲ್. ಈ ಸಲ ಆಸಿಲೇಟರ್ 1 ಆಫ್ ಮಾಡಿ, ಎಸ್‌ಎಂಪಿ (ಸ್ಯಾಂಪ್ಲರ್) ಎಂಬ ಭಾಗ ಹಚ್ಚಿ. ಅದರಲ್ಲಿ ವೈಟ್ ನಾಯ್ಸ್ ಮೊದಲೇ ಇರುತ್ತದೆ. ಜೋರು ಮಳೆಯ ಹಾಗೆ ಎಲ್ಲ ಕಂಪನಗಳೂ ಒಟ್ಟಿಗೆ ಸುರಿಯುವ ಸದ್ದು. ಫಿಲ್ಟರ್ 1 ಹಚ್ಚಿ, ಅದರ ಒಳಬರುವ ಸಾಲಿನಲ್ಲಿ ಎಸ್‌ಎಂಪಿ ಒತ್ತಿ. ಇದನ್ನು ಮರೆತರೆ ಕಟ್‌ಆಫ್ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಫಿಲ್ಟರ್‌ನ ಬ್ಲೆಂಡ್ ಪಟ್ಟಿಯನ್ನು ಬಲತುದಿಗೆ ತಳ್ಳಿದರೆ ಅದು ಹೈಪಾಸ್, ಗಡಿಯ ಮೇಲಿನದನ್ನು ಮಾತ್ರ ಬಿಡುವ ಜರಡಿ. ಕಟ್‌ಆಫ್ 115. ಎನ್ವೆಲಪ್ 1ಕ್ಕೆ ಡಿಕೇ 0.05, ಸಸ್ಟೇನ್ 0, ರಿಲೀಸ್ 0.05.

ಹದಿನಾರೂ ಮನೆಗಳಲ್ಲಿ ಸ್ವರ ಹಾಕಿ, ಆದರೆ ಒತ್ತು ಬೇರೆ ಬೇರೆ ಇರಲಿ. ಒತ್ತು ಅಂದರೆ ವೆಲಾಸಿಟಿ, 1ರಿಂದ 127ರವರೆಗೆ. 3, 7, 11, 15ಕ್ಕೆ 110; 1, 5, 9, 13ಕ್ಕೆ 60; ಉಳಿದವಕ್ಕೆ 40. ಹದಿನಾರಕ್ಕೂ ಒಂದೇ ಒತ್ತು ಕೊಟ್ಟರೆ ಹೊಲಿಗೆ ಯಂತ್ರ. ಒತ್ತು ಬದಲಿಸಿದರೂ ಸದ್ದು ಬದಲಾಗುತ್ತಿಲ್ಲವಾದರೆ ವೈಟಲ್‌ನ ಕೆಳಗಡೆ ಇರುವ ವೆಲ್ ಟ್ರ್ಯಾಕ್ ಗುಂಡಿಯನ್ನು ಪೂರ್ತಿ ತಿರುಗಿಸಿ.

ಕ್ಲ್ಯಾಪ್‌ಗೆ ಈ ಟ್ರ್ಯಾಕ್ ಮೇಲೆ ಬಲಕ್ಲಿಕ್ ಮಾಡಿ ಡೂಪ್ಲಿಕೇಟ್ ಮಾಡಿ. ಬ್ಲೆಂಡ್ ನಡುಮಧ್ಯಕ್ಕೆ, ಕಟ್‌ಆಫ್ 86ಕ್ಕೆ, ಡಿಕೇ ಮತ್ತು ರಿಲೀಸ್ 0.15ಕ್ಕೆ. ಎಫೆಕ್ಟ್ಸ್‌ನಲ್ಲಿ ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಉಳಿಯುವಂಥ ಮಾರ್ದನಿ, ಹಚ್ಚಿ, ಮಿಕ್ಸ್ ಶೇ. 15. ಹಳೆಯ ಸ್ವರಗಳನ್ನು ಅಳಿಸಿ 5 ಮತ್ತು 13ನೇ ಮನೆಯಲ್ಲಿ ಮಾತ್ರ ಇಡಿ. ನಿಜವಾದ ಚಪ್ಪಾಳೆಯಂತೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

5. ಬಾಸ್

ಸ್ವರ ಹಾಕುವ ಮುಂಚೆ ಯಾವ ಸ್ವರಗಳು ಎಂದು ತೀರ್ಮಾನಿಸೋಣ. ಐದೇ ಸ್ವರ: ಎ, ಸಿ, ಡಿ, ಇ, ಜಿ. ಪಾಶ್ಚಾತ್ಯ ಲೆಕ್ಕದಲ್ಲಿ ಎ ಮೈನರ್ ಪೆಂಟಟಾನಿಕ್. ಎ ಅನ್ನು ಷಡ್ಜ ಮಾಡಿಕೊಂಡರೆ ಸ ಗ ಮ ಪ ನಿ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಅಂದರೆ ಶುದ್ಧ ಧನ್ಯಾಸಿಯ ಸ್ವರಗಳು. ಇದರಲ್ಲಿ ಪಕ್ಕಪಕ್ಕದ ಎರಡು ಕೀಲಿಗಳು ಎಲ್ಲೂ ಬರುವುದಿಲ್ಲ, ಆದ್ದರಿಂದ ಯಾವುದನ್ನು ಯಾವುದರ ಮೇಲೆ ಇಟ್ಟರೂ ಕಿವಿಗೆ ಚುಚ್ಚುವುದಿಲ್ಲ. ಮೊದಲ ಟ್ರ್ಯಾಕ್‌ಗೆ ಇದಕ್ಕಿಂತ ಸುರಕ್ಷಿತ ನೆಲ ಇಲ್ಲ.

ಹೊಸ ವೈಟಲ್, ಇನಿಶಿಯಲೈಸ್. ಆಸಿಲೇಟರ್ 1ರಲ್ಲಿ ಗರಗಸದ ಅಲೆ. ವಾಯ್ಸಸ್ ಎಂಬ ಸಂಖ್ಯೆಯನ್ನು 1 ಮಾಡಿ, ಒಂದು ಸಲಕ್ಕೆ ಒಂದೇ ಸ್ವರ ನುಡಿಯಲಿ. ಕೆಳಸ್ಥಾಯಿಯಲ್ಲಿ ಎರಡು ಸ್ವರ ಒಂದರ ಮೇಲೊಂದು ಬಿದ್ದರೆ ಕೆಸರಾಗುತ್ತದೆ. ಫಿಲ್ಟರ್ 1 ಹಚ್ಚಿ, ಒಳಬರುವುದು ಆಸಿಲೇಟರ್ 1, ಬ್ಲೆಂಡ್ ಎಡತುದಿಗೆ (ಇದು ಲೋಪಾಸ್, ಗಡಿಯ ಕೆಳಗಿನದನ್ನು ಮಾತ್ರ ಬಿಡುವ ಜರಡಿ), 24 ಡಿಬಿ, ಕಟ್‌ಆಫ್ 50, ರೆಸೊನೆನ್ಸ್ ಶೇ. 20. ಎನ್ವೆಲಪ್ 2ಕ್ಕೆ ಡಿಕೇ 0.18, ಸಸ್ಟೇನ್ 0; ಅದನ್ನು ಕಟ್‌ಆಫ್ ಮೇಲೆ ಬಿಟ್ಟು 30ರಷ್ಟು ಪ್ರಭಾವ ಕೊಡಿ. ಸ್ವರ ಹುಟ್ಟಿದಾಗ ಜರಡಿ 80ರವರೆಗೆ ತೆರೆದು ಮತ್ತೆ 50ಕ್ಕೆ ಮುಚ್ಚುತ್ತದೆ, "ಬ್ಯಾಂವ್" ಎಂಬ ಉಚ್ಚಾರ ಬರುತ್ತದೆ. ಕಿಕ್‌ನಲ್ಲಿ ಇದೇ ಎನ್ವೆಲಪ್ ಶ್ರುತಿಯನ್ನು ಬೀಳಿಸಿತ್ತು, ಇಲ್ಲಿ ಹೊಳಪನ್ನು ಬೀಳಿಸುತ್ತಿದೆ.

ಎನ್ವೆಲಪ್ 1: ಅಟ್ಯಾಕ್ 0.005, ಡಿಕೇ 0.3, ಸಸ್ಟೇನ್ ಶೇ. 70, ರಿಲೀಸ್ 0.06. ಅಟ್ಯಾಕ್ ಪೂರ್ತಿ ಸೊನ್ನೆ ಇಟ್ಟರೆ ಪ್ರತಿ ಸ್ವರದ ತಲೆಯಲ್ಲಿ "ಟಿಕ್" ಎಂಬ ಸಿಡಿತ ಕೇಳಬಹುದು. ಐದು ಮಿಲಿಸೆಕೆಂಡ್ ಅದನ್ನು ನುಂಗುತ್ತದೆ.

ಸ್ವರಗಳು 3, 7, 11, 15ನೇ ಮನೆಯಲ್ಲಿ, ಪ್ರತಿಯೊಂದೂ ಎರಡು ಮನೆಯಷ್ಟು ಉದ್ದ. ಮೊದಲೆರಡು ಬಾರ್ ಎ1, ಅಂದರೆ 33. ಮೂರನೆಯದು ಸಿ2, 36. ನಾಲ್ಕನೆಯದು ಡಿ2, 38. ಕಿಕ್ ಮತ್ತು ಬಾಸ್ ಎರಡರ ತಳವೂ 55 ಹರ್ಟ್ಸ್‌ನಲ್ಲೇ ಇದೆ. ಎರಡನ್ನೂ ಒಂದೇ ಮನೆಯಲ್ಲಿ ಇಟ್ಟರೆ ಒಂದು ಇನ್ನೊಂದನ್ನು ನುಂಗುತ್ತದೆ. ಕಿಕ್ ಬಿಟ್ಟ ಜಾಗದಲ್ಲಿ ಬಾಸ್ ಬಂದರೆ ಜಗಳವೇ ಇಲ್ಲ, ಮೇಲಾಗಿ ಕುಣಿಸುವ ಎಳೆತವೂ ಬರುತ್ತದೆ.

6. ಪ್ಯಾಡ್

ಪ್ಯಾಡ್ ಎಂದರೆ ಹಿನ್ನೆಲೆಯಲ್ಲಿ ಹಾಸಿಕೊಂಡಿರುವ ಉದ್ದದ ನಾದ. ಮತ್ತೆ ಖಾಲಿ ವೈಟಲ್, ಗರಗಸದ ಅಲೆ. ಯೂನಿಸನ್ 5, ಅಂದರೆ ಅದೇ ಸ್ವರದ ಐದು ಪ್ರತಿಗಳು, ಡಿಟ್ಯೂನ್ ಶೇ. 15, ಅಂದರೆ ಆ ಐದರ ಶ್ರುತಿ ಕೂದಲೆಳೆಯಷ್ಟು ಆಚೀಚೆ. ಐವರು ಸೇರಿ ಹಾಡಿದ ಹಾಗೆ ದಪ್ಪವಾಗುತ್ತದೆ. ಶೇ. 40 ದಾಟಿದರೆ ಶ್ರುತಿ ಸೇರದ ಮೇಳ.

ಲೋಪಾಸ್ ಫಿಲ್ಟರ್, ಕಟ್‌ಆಫ್ 72. ಎನ್ವೆಲಪ್ 1: ಅಟ್ಯಾಕ್ 0.6, ಸಸ್ಟೇನ್ ಪೂರ್ತಿ, ರಿಲೀಸ್ 1.2. ಎಲ್‌ಎಫ್‌ಒ 1ನ್ನು ಕಟ್‌ಆಫ್‌ಗೆ ಕಟ್ಟಿ, ವೇಗ 4/1, ಅಂದರೆ ನಾಲ್ಕು ಬಾರ್‌ಗೆ ಒಂದು ಸುತ್ತು, ಪ್ರಭಾವ 18. ನಾದ ನಿಧಾನವಾಗಿ ಅರಳಿ ಮುದುಡುತ್ತದೆ. ರಿವರ್ಬ್ ಮಿಕ್ಸ್ ಶೇ. 25.

ಸ್ವರಗಳು: ಒಂದು ಮತ್ತು ಎರಡನೇ ಬಾರ್‌ಗೆ 57, 60, 64 (ಎ, ಸಿ, ಇ). ಮೂರಕ್ಕೆ 60, 64, 67 (ಸಿ, ಇ, ಜಿ). ನಾಲ್ಕಕ್ಕೆ 57, 62, 67 (ಎ, ಡಿ, ಜಿ). ಐದು ಸ್ವರಗಳ ಹೊರಗೆ ಕಾಲಿಟ್ಟಿಲ್ಲ.

ಈಗ ಎಲೆಕ್ಟ್ರಾನಿಕ್ ಸಂಗೀತದ ಆ ಪರಿಚಿತ ಉಸಿರಾಟ: ಕಿಕ್ ಬಿದ್ದಾಗಲೆಲ್ಲ ಪ್ಯಾಡ್ ತಗ್ಗಿ ಮತ್ತೆ ಏಳುವುದು. ಇದಕ್ಕೆ ಸೈಡ್‌ಚೈನ್ ಎಂಬ ವಿಧಾನವಿದೆ. ಒಂದು ಟ್ರ್ಯಾಕ್‌ನ ಸದ್ದು ಇನ್ನೊಂದರ ಗಟ್ಟಿತನವನ್ನು ಆಳುವ ಏರ್ಪಾಡು. ಅದರ ವೈರಿಂಗ್ ಮೊದಲ ವಾರಕ್ಕೆ ತಲೆನೋವು. ಎಲ್‌ಎಫ್‌ಒ 2ರಿಂದ ಅದೇ ಪರಿಣಾಮ ಸಿಗುತ್ತದೆ: ಆಕಾರ ಸಾ ಅಪ್, ವೇಗ 1/4, ಮೋಡ್ ಸಿಂಕ್. ಆಸಿಲೇಟರ್ 1ರ ಲೆವೆಲನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಎಲ್‌ಎಫ್‌ಒ 2ನ್ನು ಅದರ ಮೇಲೆ ಬಿಟ್ಟು ಪ್ರಭಾವ ಏರಿಸಿ. ಪ್ರತಿ ಬೀಟ್‌ನ ತಲೆಯಲ್ಲಿ ಸದ್ದು ತಗ್ಗಿ ಮೇಲೇಳುತ್ತದೆ. ಲೆವೆಲ್ ಇಳಿಸದೆ ಕಟ್ಟಿದರೆ ಏರಲು ಜಾಗವೇ ಇರುವುದಿಲ್ಲ. "ಎಲ್‌ಎಫ್‌ಒ ಕೆಲಸ ಮಾಡ್ತಿಲ್ಲ" ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲ ಟ್ರ್ಯಾಕ್‌ಗಳ ಕೆಳಭಾಗವನ್ನೂ ಈಕ್ವಲೈಸರ್‌ನಿಂದ ಕತ್ತರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಈ ಪ್ಯಾಡ್‌ನ ಅತಿ ಕೆಳಗಿನ ಸ್ವರ 57, ಅಂದರೆ 220 ಹರ್ಟ್ಸ್. ಅದರ ಕೆಳಗೆ ಕತ್ತರಿಸಲು ಏನೂ ಇಲ್ಲ. ಸುಮ್ಮನಿರಿ.

ಕಂಪ್ಯೂಟರ್ ಏದುಸಿರು ಬಿಡಲು ಶುರುಮಾಡುವುದೂ ಇಲ್ಲೇ. ಮೂರು ಸ್ವರ, ಒಂದೊಂದಕ್ಕೆ ಐದು ಪ್ರತಿ, ಒಟ್ಟು ಹದಿನೈದು ಅಲೆಗಳು, ಬಾರ್ ಬದಲಾಗುವಾಗ ರಿಲೀಸ್‌ನ ಬಾಲಗಳು ಬೇರೆ. ಯೂನಿಸನ್ 3ಕ್ಕೆ ಇಳಿಸಿ, ಅಥವಾ ರೀಪರ್‌ನಲ್ಲಿ ಆ ಟ್ರ್ಯಾಕನ್ನು ಫ್ರೀಜ್ ಮಾಡಿ. ಫ್ರೀಜ್ ಅಂದರೆ ಸಿಂತ್‌ಗೆ ತಾತ್ಕಾಲಿಕ ರಜೆ ಕೊಟ್ಟು, ಅದರ ಸದ್ದನ್ನು ಆಡಿಯೋ ಆಗಿ ಹಾಕಿಕೊಳ್ಳುವುದು. ಬೇಕಾದಾಗ ಬಿಚ್ಚಬಹುದು.

7. ಮೇಲಿನ ರಾಗ

ಆಸಿಲೇಟರ್ 1ರಲ್ಲಿ ಚೌಕದ ಅಲೆ. ಎನ್ವೆಲಪ್ 1ಕ್ಕೆ ಡಿಕೇ 0.25, ಸಸ್ಟೇನ್ 0, ರಿಲೀಸ್ 0.25, ಮೀಟಿದ ತಂತಿಯ ಹಾಗೆ. ಲೋಪಾಸ್, ಕಟ್‌ಆಫ್ 90. ಎಫೆಕ್ಟ್ಸ್‌ನಲ್ಲಿ ಡಿಲೇ ಹಚ್ಚಿ, ಕಾಲವನ್ನು ಡಾಟೆಡ್ 1/8ಕ್ಕೆ ಇಡಿ, ಅಂದರೆ ಮೂರು ಮನೆ. 120ರ ಲಯದಲ್ಲಿ 375 ಮಿಲಿಸೆಕೆಂಡ್. ಫೀಡ್‌ಬ್ಯಾಕ್ ಶೇ. 35, ಮಿಕ್ಸ್ ಶೇ. 25.

ಎರಡು ಬಾರ್‌ನ ಸಾಲು, ಎರಡರಲ್ಲೂ 1, 4, 7, 11ನೇ ಮನೆ. ಮೊದಲ ಬಾರ್: 69, 72, 74, 76. ಎರಡನೆಯದು: 74, 72, 69, 67. ಮೂರು, ಮೂರು, ನಾಲ್ಕು, ಆರು ಎಂಬ ಎಣಿಕೆ ಕಿಕ್‌ನ ಸಮ ಹೆಜ್ಜೆಗೆ ಅಡ್ಡ ಹೋಗುತ್ತದೆ, ಡಿಲೇಯ ಮಾರ್ದನಿ ಆ ಖಾಲಿ ಮನೆಗಳನ್ನು ತುಂಬುತ್ತದೆ. ಈ ಸಾಲು ಒಂದು ಮಾದರಿ ಅಷ್ಟೆ, ಅದೇ ಐದು ಸ್ವರದೊಳಗೆ ನಿಮ್ಮದೇ ಬರೆಯಿರಿ.

ಶುದ್ಧ ಧನ್ಯಾಸಿ ಎಂದಾಕ್ಷಣ ಗಮಕ ಬೇಕಲ್ಲ ಎನ್ನುವವರಿಗೆ: ಚೌಕುಳಿಯಲ್ಲಿ ಬರೆದ ಸ್ವರಗಳಲ್ಲಿ ರಾಗ ಇರುವುದಿಲ್ಲ, ಅದರ ಸ್ವರಪಟ್ಟಿ ಮಾತ್ರ ಇರುತ್ತದೆ. ಜಾರಿನ ಛಾಯೆಯಾದರೂ ಬೇಕಿದ್ದರೆ ವಾಯ್ಸಸ್ 1 ಮಾಡಿ, ಗ್ಲೈಡ್ 0.06 ಕೊಟ್ಟು, ಒಂದು ಸ್ವರದ ಬಾಲ ಮುಂದಿನದರ ತಲೆಯ ಮೇಲೆ ಬರುವಂತೆ ಉದ್ದಮಾಡಿ. ಹೀಗೆ ತಾಗಿದ ಸ್ವರಗಳಲ್ಲಿ ಮಾತ್ರ ಶ್ರುತಿ ಜಾರುತ್ತದೆ.

8. ಲೂಪ್ ಬಿಟ್ಟು ಹೊರಬರುವುದು

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ನಾಲ್ಕು ಬಾರ್ ಸೊಗಸಾಗಿ ಕೇಳುತ್ತದೆ, ಅದರ ಮೇಲೆ ಏಳನೆಯ ಸದ್ದು, ಎಂಟನೆಯ ಸದ್ದು ಹೇರುತ್ತ ಹೋಗುತ್ತಾರೆ. ಬೇಡ. ಇರುವ ಆರನ್ನೇ ಒಮ್ಮೆ ಸೇರಿಸುತ್ತ, ಒಮ್ಮೆ ತೆಗೆಯುತ್ತ ಹೋಗುವುದೇ ಈಗಿನ ಕೆಲಸ.

ಒಟ್ಟು 64 ಬಾರ್, ಅಂದರೆ 2 ನಿಮಿಷ 8 ಸೆಕೆಂಡ್. ಮಿಡಿ ಐಟಂನ ಬಲ ಅಂಚನ್ನು ಹಿಡಿದು ಎಳೆದರೆ ಅದೇ ಸ್ವರಗಳು ಮರುಕಳಿಸುತ್ತವೆ, ಬೇಡದ ಕಡೆ ಕತ್ತರಿಸಿ.

1ರಿಂದ 8: ಕಿಕ್ ಮತ್ತು ಹೈಹ್ಯಾಟ್.
9ರಿಂದ 16: ಬಾಸ್ ಸೇರುತ್ತದೆ.
17ರಿಂದ 24: ಕ್ಲ್ಯಾಪ್, ಪ್ಯಾಡ್.
25ರಿಂದ 32: ಮೇಲಿನ ರಾಗ.
33ರಿಂದ 40: ಕಿಕ್, ಬಾಸ್, ಹೈಹ್ಯಾಟ್, ಕ್ಲ್ಯಾಪ್ ಎಲ್ಲ ಹೊರಗೆ. ಪ್ಯಾಡ್ ಮತ್ತು ರಾಗ ಮಾತ್ರ.
41ರಿಂದ 56: ಆರೂ ಒಟ್ಟಿಗೆ.
57ರಿಂದ 64: ರಾಗ, ಪ್ಯಾಡ್, ಕ್ಲ್ಯಾಪ್, ಬಾಸ್ ಎರಡೆರಡು ಬಾರ್‌ಗೆ ಒಂದರಂತೆ ಇಳಿದು, ಕೊನೆಗೆ ಕಿಕ್ ಮತ್ತು ಹೈಹ್ಯಾಟ್ ಉಳಿಯುತ್ತವೆ.

33ರಿಂದ 40ರವರೆಗೆ ಪ್ಯಾಡ್‌ನ ಕಟ್‌ಆಫ್ ನಿಧಾನವಾಗಿ ತೆರೆಯಲಿ. ವೈಟಲ್‌ನಲ್ಲಿ ಆ ಗುಂಡಿಯನ್ನು ಒಮ್ಮೆ ಅಲುಗಿಸಿ, ರೀಪರ್‌ನ ಪ್ಲಗಿನ್ ಕಿಟಕಿಯ ಮೇಲಿರುವ ಪ್ಯಾರಮ್ ಒತ್ತಿ ಟ್ರ್ಯಾಕ್ ಎನ್ವೆಲಪ್ ತೋರಿಸು ಎನ್ನಿ. ಟ್ರ್ಯಾಕ್ ಕೆಳಗೆ ಒಂದು ಗೆರೆ ಬರುತ್ತದೆ. 33ರಲ್ಲಿ ತಗ್ಗು, 41ರ ಬಾಗಿಲಲ್ಲಿ ಎತ್ತರ. ಗುಂಡಿಯ ಚಲನೆಯನ್ನು ಹೀಗೆ ಬರೆದಿಡುವುದಕ್ಕೆ ಆಟೊಮೇಷನ್ ಎನ್ನುತ್ತಾರೆ. 41ಕ್ಕೆ ಗೆರೆಯನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರಲು ಮರೆಯಬೇಡಿ, ಇಲ್ಲದಿದ್ದರೆ ಉಳಿದ ಟ್ರ್ಯಾಕ್ ಪೂರ್ತಿ ಪ್ಯಾಡ್ ಕಿರುಚುತ್ತದೆ. 40ನೇ ಬಾರ್‌ನ ಕೊನೆಯ ಬೀಟ್‌ನಲ್ಲಿ ಪ್ಯಾಡ್ ಮತ್ತು ರಾಗದ ಸ್ವರಗಳನ್ನು ತೆಗೆದುಬಿಡಿ. ಆ ಅರ್ಧ ಸೆಕೆಂಡ್‌ನಲ್ಲಿ ರಿವರ್ಬ್‌ನ ಬಾಲ ಮಾತ್ರ ಉಳಿದು, 41ರ ಕಿಕ್ ಎರಡು ಪಟ್ಟು ದೊಡ್ಡದಾಗಿ ಕೇಳುತ್ತದೆ.

9. ತೂಕ ಹೊಂದಿಸುವುದು

ಎಲ್ಲ ಫೇಡರ್‌ಗಳನ್ನೂ, ಅಂದರೆ ಪ್ರತಿ ಟ್ರ್ಯಾಕ್‌ನ ಗಟ್ಟಿತನದ ಜಾರುಗುಂಡಿಗಳನ್ನೂ, ಕೆಳಗೆ ಇಳಿಸಿ. ಕಿಕ್ ಒಂದನ್ನೇ ಏರಿಸಿ, ಮೀಟರ್‌ನಲ್ಲಿ ತುದಿ ಮೈನಸ್ 10 ಡಿಬಿ ಮುಟ್ಟಲಿ. ಅದರ ಪಕ್ಕ ಬಾಸ್, ಸ್ವಲ್ಪ ಕಡಿಮೆ. ಆಮೇಲೆ ಕ್ಲ್ಯಾಪ್, ರಾಗ, ಪ್ಯಾಡ್. ಹೈಹ್ಯಾಟ್ ಕೊನೆಗೆ, ಸರಿ ಅನ್ನಿಸಿದ ಮೇಲೆ ಇನ್ನೂ 3 ಡಿಬಿ ಇಳಿಸಿ. ಹೊಸಬರ ಟ್ರ್ಯಾಕ್‌ಗಳಲ್ಲಿ ಹೈಹ್ಯಾಟ್ ಯಾವಾಗಲೂ ಮುಂದೆ ನುಗ್ಗಿರುತ್ತದೆ.

ಎಲ್ಲ ಟ್ರ್ಯಾಕ್‌ಗಳೂ ಸೇರುವ ಮಾಸ್ಟರ್‌ನ ಮೀಟರ್ 0 ದಾಟಿ ಕೆಂಪಾದರೆ ಅಲೆಯ ತಲೆ ಕತ್ತರಿಸಿಹೋಗುತ್ತಿದೆ ಎಂದರ್ಥ. ಆಗ ಆರು ಟ್ರ್ಯಾಕ್‌ಗಳನ್ನೂ ಒಟ್ಟಿಗೆ ಆರಿಸಿ ಒಂದೇ ಸಮ ತಗ್ಗಿಸಿ. ಮಾಸ್ಟರ್‌ನ ತುದಿ ಮೈನಸ್ 6ರ ಹತ್ತಿರ ಇದ್ದರೆ ನಿಶ್ಚಿಂತೆ. ಮಾಸ್ಟರ್ ಮೇಲೆ ಲಿಮಿಟರ್ ಹಾಕಿ ಗಟ್ಟಿ ಮಾಡುವ ಆಸೆಯನ್ನು ಈ ಟ್ರ್ಯಾಕ್‌ಗೆ ತಡೆದುಕೊಳ್ಳಿ. ಕೊನೆಗೆ ಹೆಡ್‌ಫೋನ್‌ನ ವಾಲ್ಯೂಮ್ ಪಿಸುಮಾತಿನಷ್ಟು ಇಳಿಸಿ ಕೇಳಿ. ಆಗಲೂ ಕಿಕ್ ಮತ್ತು ರಾಗ ಕೇಳುತ್ತಿದ್ದರೆ ತೂಕ ಸರಿ ಇದೆ.

10. ಫೈಲ್ ತೆಗೆಯುವುದು

ಫೈಲ್ ಮೆನುವಿನಲ್ಲಿ ರೆಂಡರ್. ಮೂಲ ಮಾಸ್ಟರ್ ಮಿಕ್ಸ್, ವ್ಯಾಪ್ತಿ ಎಂಟೈರ್ ಪ್ರಾಜೆಕ್ಟ್, 48000 ಹರ್ಟ್ಸ್, ವೇವ್, 24 ಬಿಟ್. ಟೇಲ್ ಎಂಬುದನ್ನು ಹಚ್ಚಿ 3000 ಮಿಲಿಸೆಕೆಂಡ್ ಕೊಡಿ, ಇಲ್ಲದಿದ್ದರೆ ಕೊನೆಯ ಸದ್ದಿನ ಬಾಲ ಕತ್ತರಿಯಲ್ಲಿ ತುಂಡಾದ ಹಾಗೆ ನಿಲ್ಲುತ್ತದೆ. ಫೈಲ್ ಸುಮಾರು 38 ಎಂಬಿ ಆಗುತ್ತದೆ. 320 ಕೆಬಿಪಿಎಸ್ ಎಂಪಿ3 ಬೇಕಿದ್ದರೆ ಅದೂ ಅಲ್ಲೇ ಸಿಗುತ್ತದೆ, ಸುಮಾರು 5 ಎಂಬಿ.

ರೀಪರ್ ಮುಚ್ಚುವ ಮುಂಚೆ ಆರೂ ವೈಟಲ್‌ಗಳಲ್ಲಿ ನಿಮ್ಮ ಸದ್ದುಗಳನ್ನು ಹೆಸರಿಟ್ಟು ಸೇವ್ ಮಾಡಿ: ಕಿಕ್ ಎ 55, ಬಾಸ್ ಮುಚ್ಚಿದ್ದು, ಹೀಗೆ ಅರ್ಥವಾಗುವ ಹೆಸರು. ಪ್ರಾಜೆಕ್ಟ್ ಫೈಲ್‌ನಲ್ಲಿ ಅವು ಉಳಿದೇ ಇರುತ್ತವೆ, ಆದರೆ ಮುಂದಿನ ಟ್ರ್ಯಾಕ್‌ನಲ್ಲಿ ಪ್ರೀಸೆಟ್ ಪಟ್ಟಿ ತೆರೆದಾಗ ಇವೇ ಮೊದಲು ಕೈಗೆ ಸಿಗಬೇಕು. ಸ್ನೇಹಿತರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಮತ್ತು ಹೆಡ್‌ಫೋನ್ ಹಾಕಿಕೊಂಡೇ ಕೇಳಿ ಎಂದು ಹೇಳಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿದವರು "ಬಾಸ್ ಎಲ್ಲಿದೆ?" ಎಂದೇ ಕೇಳುತ್ತಾರೆ.